ಸಾಹೇಬರ ಅರ್ಧ

ಮಹಡಿಯ ಮನೆಯಿಂದ ಅವಳು ಮೆಟ್ಟಿಲಿಗೆ ಮುಖ ಮಾಡಿ, ಹಿಂದುಹಿಂದಕ್ಕೆ ಇಳಿಯುತ್ತಾಳೆ. ಎರಡೂ ಕೈಯಲ್ಲಿ ಕಂಬಿ. ಮೊದಲು ಕೆಟ್ಟ ಕಾಲು, ಅಂದರೆ ಎಡಗಾಲು. ಆಮೇಲೆ ಬಲಗಾಲು. ಕೆಳಗಿನ ಮನೆಯವರಿಗೆ ಇದನ್ನು ನೋಡಿ ನೋಡಿ ರೂಢಿಯಾಗಿದೆ. ಒಂದು ಕಾಲದಲ್ಲಿ ದೇಶದ ಹೆಸರನ್ನು ಬೆನ್ನ ಮೇಲೆ ಬರೆದುಕೊಂಡು ಬ್ಯಾಡ್ಮಿಂಟನ್ ಆಡಿದ ಹೆಂಗಸು ಇವಳೇ ಎಂಬುದೂ ಅವರಿಗೆ ಗೊತ್ತು. ಎರಡಕ್ಕೂ ಸಂಬಂಧವಿದೆ ಎಂಬುದು ಮಾತ್ರ ಗೊತ್ತಿಲ್ಲ.

ಡಬಲ್ಸ್‌ನಲ್ಲಿ ಅವಳದು ಹಿಂದಿನ ಜಾಗ. ನೆಟ್ಟಿನ ಹತ್ತಿರ ಅವಳ ಜೊತೆಗಾತಿ, ಎಲ್ಲರೂ ಗಿಡ್ಡಿ ಎಂದೇ ಕರೆಯುವವಳು, ನಿಲ್ಲುತ್ತಿದ್ದಳು. ಎತ್ತರದ್ದು, ದೂರದ್ದು, ಬೆನ್ನು ಮುರಿಯುವಂಥದ್ದು ಇವಳಿಗೆ, ಮುಗಿಸುವುದು ಗಿಡ್ಡಿಗೆ. ಫೋಟೋಗಳಲ್ಲಿ ಗಿಡ್ಡಿ ನಿಚ್ಚಳ, ಇವಳು ಮಸುಕು. ಅದಕ್ಕಾಗಿ ಇಬ್ಬರೂ ಒಮ್ಮೆಯೂ ಜಗಳವಾಡಲಿಲ್ಲ. ಕೆಲಸ ಹಂಚಿಕೊಂಡವರಿಗೆ ಅಷ್ಟು ಪುರಸೊತ್ತು ಇರುವುದಿಲ್ಲ.

ಮಂಡಿ ಹೋದದ್ದು ಪರದೇಶದ ಒಂದು ಸೆಮಿಫೈನಲ್‌ನಲ್ಲಿ. ಹಿಂದಿನ ದಿನವೇ ಊದಿತ್ತು. ಫೆಡರೇಷನ್ನಿನ ಮ್ಯಾನೇಜರ್ ಇಂಜೆಕ್ಷನ್ ಕೊಡಿಸಿ, "ದೇಶ ನೋಡ್ತಾ ಇದೆ ಕಣಮ್ಮ" ಅಂದ. ದೇಶ ನೋಡಿತು. ಇವಳು ಎಗರಿ, ಎಡಗಾಲಿನ ಮೇಲೆ ಇಳಿದು, ಕುಸಿದದ್ದನ್ನೂ ನೋಡಿತು. ಆಮೇಲೆ ಚಾನೆಲ್ ಬದಲಾಯಿಸಿತು. ಆಸ್ಪತ್ರೆಗೆ ಹೂಗುಚ್ಛ ಬಂತು. ಮ್ಯಾನೇಜರ್ ಬರಲಿಲ್ಲ, ಅವನು ಮುಂದಿನ ಟೂರ್ನಿಗೆ ವಿಮಾನ ಹತ್ತಿದ್ದ.

ಆಟ ಬಿಟ್ಟ ಮೇಲೆ ಕಂಪನಿಯೊಂದು ಕೆಲಸ ಕೊಟ್ಟಿತು. ಹುದ್ದೆ: ಕಚೇರಿ ಸಹಾಯಕಿ, ತಾತ್ಕಾಲಿಕ. ಕೆಲಸ: ಚೇರ್ಮನ್ನರನ್ನು ಗೆಲ್ಲಿಸುವುದು.

ಊರಿನ ದೊಡ್ಡ ಕಂಪನಿಗಳು ಸೇರಿ ವರ್ಷಕ್ಕೊಮ್ಮೆ ಸೌಹಾರ್ದ ಕಪ್ ಆಡಿಸುತ್ತವೆ. ಪ್ರತಿ ಜೋಡಿಯಲ್ಲಿ ಒಬ್ಬ ಅಧಿಕಾರಿ, ಒಬ್ಬ ನೌಕರ ಇರಬೇಕೆಂಬುದು ನಿಯಮ. ನಿಯಮ ಮಾಡಿದವರು ಅಧಿಕಾರಿಗಳು. ಹಾಗಾಗಿ ದೇಶಕ್ಕೆ ಆಡಿದ ಹಳಬರೆಲ್ಲ ಒಬ್ಬೊಬ್ಬರಾಗಿ ಯಾವುದೋ ಕಂಪನಿಯ ಗುಮಾಸ್ತರಾದರು. ಗಿಡ್ಡಿ ಒಂದು ಬ್ಯಾಂಕ್ ಸೇರಿದಳು.

ಆಡುವ ರೀತಿ ಎಲ್ಲ ಕಡೆಯೂ ಒಂದೇ. ಶಟಲ್ ಮೂಗಿನ ಮುಂದೆ ತೇಲಿ ಬಂದರೆ ಸಾಹೇಬರು "ನಂದು!" ಎಂದು ಕೂಗುತ್ತಾರೆ. ಉಳಿದದ್ದಕ್ಕೆಲ್ಲ "ನಿಂದು!" ಎಂದು ಪಕ್ಕಕ್ಕೆ ಸರಿಯುತ್ತಾರೆ. ನೌಕರ ಇಡೀ ಅಂಕಣ ಓಡಬೇಕು. ಎದುರಿನ ನೌಕರನೂ ಈ ಕಡೆಯ ಸಾಹೇಬರಿಗೆ ಮೆತ್ತಗೆ ಎತ್ತಿ ಕೊಡಬೇಕು. ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಹೊಟ್ಟೆ ಹೇಳಿಕೊಟ್ಟಿದೆ.

ಈ ವರ್ಷ ಡಾಕ್ಟರು ಮಂಡಿಯನ್ನು ಒತ್ತಿ ನೋಡಿ, "ಇನ್ನೊಂದು ಸಲ ತಿರುಚಿತು ಅಂದ್ರೆ ಜೀವನಪೂರ್ತಿ ಊರುಗೋಲು. ಓಡೋದು, ಎಗರೋದು ಬಿಡಿ" ಅಂದರು.

ಅವಳು ಚೇರ್ಮನ್ನರ ಕೋಣೆಗೆ ಹೋದಳು. ಅವರು ಮಣಿಕಟ್ಟಿಗೆ ಹೊಸ ಬೆವರುಪಟ್ಟಿ ಹಾಕಿಕೊಂಡು ಚಂದ ನೋಡುತ್ತಿದ್ದರು. ಆ ಪಟ್ಟಿ ಬೆವರು ಕಾಣುವ ಸಂಭವ ಕಡಿಮೆಯಿತ್ತು.

"ಸಾರ್, ಈ ಸಲ ಫೈನಲ್‌ಗೆ ನನ್ನ ಬಿಟ್ಬಿಡಿ. ಮಂಡಿ ಪೂರ್ತಿ ಹೋಗುತ್ತಂತೆ."

"ಏನಮ್ಮಾ, ದೇಶಕ್ಕೆ ಆಡಿದೋಳು ನೀನು. ಕಂಪನಿಗೆ ಆಡೋಕೆ ನೋವಾ?"

"ದೇಶಕ್ಕೆ ಆಡಿದ್ದಕ್ಕೇ ಸಾರ್ ನೋವು."

ಪಕ್ಕದಲ್ಲಿ ನಿಂತಿದ್ದ ಆಫೀಸ್ ಮ್ಯಾನೇಜರ್ ನಗಲು ಹೊರಟು, ಚೇರ್ಮನ್ನರ ಮುಖ ಕಂಡು ಅದನ್ನೇ ಕೆಮ್ಮು ಮಾಡಿಕೊಂಡ.

"ನೋಡು, ನನ್ನ ಹೆಂಡತಿ ಕಡೆಯವರೆಲ್ಲ ಬರ್ತಿದಾರೆ. ಆಡಿದ್ರೆ ಕೆಲಸ ಇದೆ. ಇಲ್ಲಾಂದ್ರೆ, ತಾತ್ಕಾಲಿಕ ಅಂದ್ರೆ ಏನು ಅಂತ ನಿಂಗೆ ಗೊತ್ತಲ್ಲ?"

ಮನೆಯಲ್ಲಿ ಗಂಡ ಅವಳ ಮಂಡಿಗೆ ಬಿಸಿನೀರಿನ ಬಟ್ಟೆ ಇಡುತ್ತಿದ್ದ. ಅವನು ಸೋಫಾಗಳಿಗೆ ಬಟ್ಟೆ ಹೊಲಿಯುವವನು.

"ಬಿಟ್ಟಾಕೇ ಆ ಕೆಲಸಾನ."

"ಬಿಟ್ಟು? ನಿನ್ನ ಸೋಫಾ ಮೇಲೆ ರಾಣಿ ಥರ ಕೂತ್ಕೊಳ್ಳಲಾ?"

"ನಮ್ಮನೇಲಿ ಸೋಫಾ ಎಲ್ಲಿದೆ ಮಾರಾಯ್ತಿ? ಅಲ್ವೇ, ಇಬ್ಬರು ಆಡೋ ಆಟ ತಾನೇ ಅದು? ಆ ಮನುಷ್ಯ ಅವನ ಪಾಲಿಂದು ಆಡಿದ್ರೆ ಗಂಟೇನು ಹೋಗುತ್ತೆ?"

ಅವಳು ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಬಟ್ಟೆ ತಣ್ಣಗಾದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಫೈನಲ್ ದಿನ ಎದುರಿಗೆ ಬ್ಯಾಂಕಿನ ಡೈರೆಕ್ಟರು, ಜೊತೆಗೆ ಗಿಡ್ಡಿ. ಮುಂದಿನ ಕುರ್ಚಿಗಳಲ್ಲಿ ಹೆಂಡತಿ ಕಡೆಯವರು. ಹಿಂದಿನ ಬೆಂಚುಗಳಲ್ಲಿ ಚಪ್ಪಾಳೆಗೆಂದು ಕರೆತಂದ ನೌಕರರು.

ಮೊದಲ ಶಟಲ್ ಚೇರ್ಮನ್ನರ ಹಿಂದಿನ ಮೂಲೆಗೆ ಹೋಯಿತು.

"ನಿಂದು!" ಚೇರ್ಮನ್ನರು ಸರಿದು ನಿಂತರು.

ಅವಳು ತನ್ನ ಅರ್ಧದಿಂದ ಕದಲಲಿಲ್ಲ. ಶಟಲ್ ಬಿತ್ತು.

"ನಿಂದು ಅಂದ್ನಲ್ಲಾ!"

"ನಿಮ್ಮ ಅರ್ಧಕ್ಕೆ ಬಂತು ಸಾರ್."

ಎರಡನೆಯದೂ ಹಾಗೇ ಬಿತ್ತು. ಮೂರನೆಯದೂ ಬಿತ್ತು. ಗಿಡ್ಡಿ ನೆಟ್ಟಿನ ಹತ್ತಿರ ಬಂದಳು.

"ಏನೇ, ಕಾಲು ಹಿಡ್ಕೊಂಡಿತಾ?"

"ಇಲ್ಲ ಕಣೇ. ನಾಳೆನೂ ನಡೀಬೇಕು ಅನ್ನಿಸ್ತು."

ಗಿಡ್ಡಿಯ ಅಂಗಿಯೊಳಗೆ ಸೊಂಟನೋವಿನ ಬೆಲ್ಟ್ ಇತ್ತು. ಮುಂದಿನ ಶಟಲ್‌ಗೆ ಅವಳ ಡೈರೆಕ್ಟರು "ನಿಂದು!" ಎಂದು ಕಿರುಚಿದಾಗ, ಅವಳು ಬೆಲ್ಟಿನ ಮೇಲೆ ಕೈ ಇಟ್ಟುಕೊಂಡು ಅದು ಬೀಳುವುದನ್ನು ನೋಡಿದಳು.

ಅಲ್ಲಿಂದ ಮುಂದೆ ಆಡಿದವರು ಇಬ್ಬರು ಸಾಹೇಬರು. ಅದನ್ನು ಆಟ ಎಂದರೆ ಆಟಕ್ಕೆ ಅವಮಾನ. ಹೆಂಗಸರಿಬ್ಬರೂ ತಮ್ಮ ಅರ್ಧಕ್ಕೆ ಬಂದದ್ದನ್ನು ಬಿಡಲಿಲ್ಲ. ಶಿಸ್ತಾಗಿ ಹೊಡೆದು ಎದುರಿನ ಸಾಹೇಬರ ಅರ್ಧಕ್ಕೆ ಕಳಿಸಿದರು. ತಮ್ಮ ಸರ್ವೀಸ್‌ಗೆ ಅಂಕ ಬಂದಾಗ ನಿಯಮದಂತೆ ಜಾಗ ಬದಲಿಸಿದರು, ಮಿಕ್ಕಂತೆ ನಡುಗೆರೆ ದಾಟಲಿಲ್ಲ. ಡೈರೆಕ್ಟರು ನೊಣ ಹೊಡೆಯುವವರಂತೆ ಗಾಳಿಗೆ ಬೀಸಿದರು. ಚೇರ್ಮನ್ನರು ಹಿಂದಕ್ಕೆ ಓಡಲು ಹೋಗಿ, ಹಿಂದಕ್ಕೆ ಓಡುವುದನ್ನು ತಾವು ಕಲಿತೇ ಇಲ್ಲವೆಂದು ನೆಲದ ಮೇಲೆ ಕೂತು ತಿಳಿದುಕೊಂಡರು. ಬೆವರು ಬಂತು. ನೆಲ ಒರೆಸುವ ದೊಡ್ಡಮ್ಮ ಬಟ್ಟೆ ಹಿಡಿದು ಪದೇ ಪದೇ ಸಾಹೇಬರ ಅರ್ಧಕ್ಕೇ ಬಂದಳು.

ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಕೂಗಿದರು: "ನಿಮ್ದು ಸಾರ್!"

ಮುಂದಿನ ಶಟಲ್‌ಗೆ ಹತ್ತು ಜನ ಕೂಗಿದರು. ಆಮೇಲೆ ಇಡೀ ಹಿಂದಿನ ಸಾಲುಗಳೇ, ಚಪ್ಪಾಳೆ ಸಮೇತ: "ನಿಮ್ದು ಸಾರ್! ನಿಮ್ದು!" ಎರಡೂ ಕಂಪನಿಯವರು ಸೇರಿ ಕೂಗಿದರು. ಸೌಹಾರ್ದ ಕಪ್ ಶುರುವಾದಾಗಿನಿಂದ ಅಲ್ಲಿ ಕಂಡ ಸೌಹಾರ್ದ ಅದೊಂದೇ.

ಯಾರಾದರೂ ಗೆಲ್ಲಲೇಬೇಕಲ್ಲ, ಡೈರೆಕ್ಟರು ಗೆದ್ದರು. ಚೇರ್ಮನ್ನರು ಹೊರಗಿನ ಓಣಿಯಲ್ಲಿ ಅವಳನ್ನು ಅಡ್ಡಗಟ್ಟಿದರು.

"ಯಾಕೆ ಆಡ್ಲಿಲ್ಲ ನೀನು?"

"ಆಡಿದ್ನಲ್ಲ ಸಾರ್. ನನ್ನ ಅರ್ಧದಲ್ಲಿ ಬಿದ್ದಿದ್ದು ಒಂದು ತೋರಿಸಿ."

"ಒಂದೂ ಇಲ್ಲ ಬಿಡಿ ಸಾರ್," ದೊಡ್ಡಮ್ಮ ಬಟ್ಟೆ ಹಿಂಡುತ್ತ ಅಂದಳು. "ಒರೆಸಿದ ನನಗೆ ಗೊತ್ತಿಲ್ವಾ?"

ಸುತ್ತ ನಿಂತವರಲ್ಲಿ ಈ ಸಲ ಯಾರೂ ಕೆಮ್ಮಲಿಲ್ಲ. ನೇರವಾಗಿಯೇ ನಕ್ಕರು.

ಮರುದಿನ ಅವಳ ಹುದ್ದೆ ರದ್ದಾಯಿತು. ಕಾರಣ ಕೊಡಲಿಲ್ಲ. ಕೊಡಬೇಕಾದರೆ, ಚೇರ್ಮನ್ನರ ಅರ್ಧವನ್ನೂ ಅವಳೇ ಆಡಬೇಕಿತ್ತು ಎಂದು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಬ್ಯಾಂಕು ಗಿಡ್ಡಿಯನ್ನು ಊರಾಚೆಯ ಶಾಖೆಗೆ ಎತ್ತಿ ಹಾಕಿತು. ಗೆದ್ದವಳಿಗೆ ಅದು ಬಹುಮಾನ.

ಅದೇ ವಾರ ಚೇರ್ಮನ್ನರು ಉಗ್ರಾಣದ ಗುಮಾಸ್ತನನ್ನು ಕರೆಸಿದರು. ಅವನೂ ಚೆನ್ನಾಗಿ ಆಡುತ್ತಾನೆಂದು ಆಫೀಸ್ ಮ್ಯಾನೇಜರ್ ಹೇಳಿದ್ದ.

"ಮುಂದಿನ ವರ್ಷ ನನ್ನ ಜೊತೆ ನೀನು ಆಡ್ಬೇಕು. ಆಗುತ್ತಾ?"

ಗುಮಾಸ್ತ ಕೈ ಕಟ್ಟಿಕೊಂಡು ವಿನಯವಾಗಿಯೇ ಕೇಳಿದ:

"ಆಗ್ದೆ ಏನು ಸಾರ್. ಯಾವ ಅರ್ಧ?"