ನಾಲಿಗೆ ಇಲ್ಲದ ಕುಲುಮೆ

ನಾನು ಒಂದು ಕುಲುಮೆ. ಹೊರಗೆ ಉಕ್ಕಿನ ತಗಡು, ಒಳಗೆ ಬೆಂಕಿ ತಡೆಯುವ ಇಟ್ಟಿಗೆ, ಎದೆಯ ಮೇಲೆ ಒಂದು ಕಬ್ಬಿಣದ ಬಾಗಿಲು. ಕಲಬುರಗಿ ಸೀಮೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಟ್ಟಿದೆ. ನನ್ನನ್ನು ಕಾಗದದ ಮೇಲೆ ಬರೆದವರು ಪ್ರೊಫೆಸರ್ ಚನ್ನವೀರಯ್ಯ ಗಣಾಚಾರಿ. ತಗಡು ಕತ್ತರಿಸಿ, ಬಗ್ಗಿಸಿ, ಬೆಸೆದವನು ಫಿಟ್ಟರ್ ದಾವಲಸಾಬ. ಮಕ್ಕಳಿಗೆ ತಂದೆ ಒಬ್ಬನೇ. ನನಗೆ ಇಬ್ಬರು.

ಗಣಾಚಾರಿಯವರು ಆಗ ಇನ್ನೂ ತರುಣರು. ಅವರ ತಾಯಿಯ ಊರು ವಿದ್ಯುತ್ ಸ್ಥಾವರವೊಂದರ ಚಿಮಣಿಯ ಬುಡದಲ್ಲಿತ್ತು. ಒಣಹಾಕಿದ ಸೀರೆಯ ಮೇಲೆ, ಆರಲಿಟ್ಟ ರೊಟ್ಟಿಯ ಮೇಲೆ ಬೂದಿ ಕೂರುತ್ತಿತ್ತಂತೆ. ಅವರ ತಾಯಿ ಕೆಮ್ಮಿ ಕೆಮ್ಮಿ ತೀರಿಕೊಂಡರು. ಬೂದಿ ತುಂಬಿದ ನಮ್ಮ ಕಲ್ಲಿದ್ದಲನ್ನು ಹೊಗೆ ಇಲ್ಲದೆ ಉರಿಸುವುದು ಹೇಗೆಂದು ಹುಡುಕುವುದೇ ಅವರ ಬಾಳಿನ ವ್ರತವಾಯಿತು. ದಿನವೂ ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿಯೇ ಅವರು ನನ್ನ ಮುಂದೆ ಬಂದು ನಿಲ್ಲುತ್ತಿದ್ದರು.

ನನಗೆ ಅವರು ಒಂದು ಕಣ್ಣು ಇಟ್ಟಿದ್ದರು. ಬಾಗಿಲ ಪಕ್ಕ ಒಂದು ದಪ್ಪ ಗಾಜು, ಅದರ ಹೊರಗೆ ಗೇಣು ದೂರದಲ್ಲಿ ಉರಿಯ ಬೆಳಕು ಗುರುತಿಸುವ ಒಂದು ಯಂತ್ರ. ಒಳಗೆ ಉರಿ ಕಾಣುತ್ತಿರುವವರೆಗೆ ಮಾತ್ರ ಆ ಕಣ್ಣು ಕಲ್ಲಿದ್ದಲ ಪುಡಿ ಬೀಳಲು ಬಿಡುತ್ತಿತ್ತು. ಉರಿ ಆರಿದರೆ ಆ ಕ್ಷಣವೇ ಪುಡಿ ನಿಲ್ಲಿಸುತ್ತಿತ್ತು. ಏಕೆಂದರೆ ಉರಿ ಇಲ್ಲದ ಬಿಸಿ ಕುಲುಮೆಯಲ್ಲಿ ಪುಡಿ ತುಂಬಿತೆಂದರೆ ಅದು ಸಿಡಿಮದ್ದಿನ ಮನೆಯೇ ಸರಿ.

ಎಷ್ಟೋ ವರ್ಷ ನಾನು ಉರಿದೆ. ಸಿಂಗರೇಣಿಯ ಕಲ್ಲಿದ್ದಲು ತಿಂದೆ, ಒಡಿಶಾದ ಕಲ್ಲಿದ್ದಲು ತಿಂದೆ, ಕೊನೆಗೆ ಅದರ ಜೊತೆ ನಮ್ಮ ಹೊಲಗಳ ತೊಗರಿಕಟ್ಟಿಗೆಯ ಪುಡಿಯನ್ನೂ ತಿಂದೆ. ಅದು ಗಣಾಚಾರಿಯವರ ಹೊಸ ಉಪಾಯ. ಹೊಗೆ ಕಡಿಮೆಯಾಗುತ್ತ ಬಂತು. ವಿದ್ಯುತ್ ಸ್ಥಾವರದ ಅಧಿಕಾರಿಗಳು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಅವರು ಒಪ್ಪಿದರೆ ಕಾಲೇಜಿಗೆ ಒಂದು ದೊಡ್ಡ ಸಂಶೋಧನಾ ಕೇಂದ್ರವೇ ಬರುವುದಿತ್ತು.

ಅದಕ್ಕೆ ಮೊದಲು ಮಹಾನವಮಿ ಬಂತು. ಆಯುಧಪೂಜೆಗೆ ದಾವಲಸಾಬನೇ ನನ್ನನ್ನು ತೊಳೆದು, ಚೆಂಡುಹೂವಿನ ಸರ ಹಾಕಿದ. ಗಣಾಚಾರಿಯವರು ವಿಭೂತಿ ಕಲಸಿ ಬಾಗಿಲಿಗೆ, ಕೊಳವೆಗೆ, ಕೊನೆಗೆ ಆ ಕಣ್ಣಿನ ಗಾಜಿಗೂ ದಪ್ಪಗೆ ಮೂರು ಬೆರಳು ಎಳೆದರು.

"ಸರ, ಕಣ್ಣಿಗೇ ಬಳದ್ರಿ. ಇನ್ನ ಅದು ನನ್ನ ಮಾರಿ ಹ್ಯಾಂಗ ನೋಡಬೇಕ್ರಿ?" ಎಂದ ದಾವಲಸಾಬ.

"ನಿನ್ನ ಮಾರಿ ನೋಡೋದು ತಪ್ಪಿದ್ರ ಅದರ ಪುಣ್ಯ ಬಿಡೋ" ಎಂದರು ಗಣಾಚಾರಿಯವರು. ಇಬ್ಬರೂ ನಕ್ಕರು. ಕಾಯಿ ಒಡೆದವನು ದಾವಲಸಾಬ. ದೊಡ್ಡ ಹೋಳು ತನಗೇ ಬೇಕೆಂದು ಹಟ ಮಾಡಿದವನೂ ಅವನೇ.

ಪೂಜೆಯ ವಿಭೂತಿಯನ್ನು ಯಾರೂ ಒರೆಸುವುದಿಲ್ಲ. ತಾನಾಗಿ ಉದುರುವವರೆಗೆ ಬಿಡುವುದು ಅಲ್ಲಿಯ ರೂಢಿ.

ಅಧಿಕಾರಿಗಳು ಬಂದ ದಿನ ನನ್ನನ್ನು ಹೊತ್ತಿಸಿದರು. ಒಳಗೆ ಉರಿ ಚೆನ್ನಾಗಿಯೇ ಇತ್ತು. ಆದರೆ ಕಣ್ಣಿಗೆ ಅದು ಕಾಣಲಿಲ್ಲ. ಪುಡಿ ಬೀಳುವುದು ಮತ್ತೆ ಮತ್ತೆ ನಿಂತುಹೋಯಿತು. ಅತಿಥಿಗಳು ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು. ದಾವಲಸಾಬ ಒದ್ದೆ ಅರಿವೆ ಹಿಡಿದು ಬಂದ.

"ಗಾಜು ಒರಸ್ತೀನ್ರಿ ಸರ. ವಿಭೂತಿ ಅಡ್ಡ ಬಂದದ."

"ಬ್ಯಾಡ. ಪೂಜಿ ವಿಭೂತಿ ಅದು. ಮ್ಯಾಲಾಗಿ ಗಾಜು ಕಾದದ, ಒದ್ದಿ ಅರಿವಿ ಮುಟ್ಟಿಸಿದ್ರ ಸೀಳತದ. ಕಣ್ಣಿನ ತಂತಿ ತಗದು ನೇರ ಜೋಡಿಸು."

"ಕಣ್ಣ ಇಲ್ಲದಂಗ ನಡಸೋದೇನ್ರಿ?"

"ಇವತ್ತೊಂದು ದಿನ, ದಾವಲಸಾಬ. ಅವರು ಕುಂತಾರ. ನನ್ನ ಮಾನ ಉಳಸು."

ಅವನು ಒದ್ದೆ ಅರಿವೆಯನ್ನು ಬದಿಗಿಟ್ಟ. ತಂತಿ ಜೋಡಿಸಿದ. ಆ ಮಾತು ಕೇಳಿದವರು ಅವರಿಬ್ಬರು, ಮತ್ತು ನಾನು.

ಗಣಾಚಾರಿಯವರು ಅತಿಥಿಗಳನ್ನು ಅಂಗಳಕ್ಕೆ ಕರೆದೊಯ್ದು ನನ್ನ ಚಿಮಣಿ ತೋರಿಸಿದರು. ಅಷ್ಟರಲ್ಲಿ ಹಸಿ ತೊಗರಿಪುಡಿಯ ಒಂದು ಗಡ್ಡೆ ಬಿದ್ದು ನನ್ನೊಳಗಿನ ಉರಿ ಆರಿತು. ತಡೆಯುವ ಕಣ್ಣು ಇರಲಿಲ್ಲ. ಪುಡಿ ಸುರಿಯುತ್ತಲೇ ಇತ್ತು. ಹೊರಹೋಗುವ ಧೂಳನ್ನೆಲ್ಲ ಚಿಮಣಿಯ ದಾರಿಯಲ್ಲಿ ಕಟ್ಟಿದ್ದ ಶೋಧಿಸುವ ಚೀಲಗಳು ಹಿಡಿದುಕೊಂಡವು. ಅಂಗಳದಿಂದ ಗಣಾಚಾರಿಯವರ ಹರ್ಷದ ದನಿ ಕೇಳಿತು: "ನೋಡ್ರಿ, ಒಂದೆಳಿ ಹೊಗಿ ಇಲ್ಲ!" ಅತಿಥಿಗಳು ಚಪ್ಪಾಳೆ ತಟ್ಟಿದರು. ಹೊಗೆ ಎಲ್ಲಿಂದ ಬರಬೇಕು, ಬೆಂಕಿಯೇ ಇರಲಿಲ್ಲ.

ಕಾದ ಇಟ್ಟಿಗೆಗೆ ತಾಗಿ ಪುಡಿಯೆಲ್ಲ ಒಮ್ಮೆಲೇ ಹೊತ್ತಿತು. ನನ್ನ ಎದೆ ಸೀಳಿತು, ಬಾಗಿಲು ಹಾರಿತು. ಬಾಗಿಲ ಮುಂದೆ ದಾವಲಸಾಬ ನಿಂತಿದ್ದ. ಅವನೇ ಬೆಸೆದ ಬಾಗಿಲು ಅದು. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ವಿಚಾರಣೆ ನನ್ನ ಮುಂದೆಯೇ ನಡೆಯಿತು. ವಿಚಾರಣಾ ಮಂಡಳಿಯ ಹಿರಿಯರು ಕೇಳಿದರು: "ಪ್ರೊಫೆಸರ್, ತಂತಿ ಜೋಡಿಸಲು ಯಾರು ಹೇಳಿದರು?"

ಗಣಾಚಾರಿಯವರು ತಲೆ ತಗ್ಗಿಸಿ, "ನಾನು ಹೊರಗಿದ್ದೆ" ಎಂದರು.

ಹೊರಗಿದ್ದುದು ನಿಜ. ಆ ನಿಜವನ್ನು ಹಿಡಿದುಕೊಂಡೇ ಮಂಡಳಿ ತೀರ್ಮಾನ ಕೊಟ್ಟಿತು: ಫಿಟ್ಟರ್ ಯಾರ ಅಪ್ಪಣೆಯೂ ಇಲ್ಲದೆ ಮನಬಂದಂತೆ ಮಾಡಿ ಸತ್ತ.

ಕೆಲವು ದಿನಗಳ ಮೇಲೆ ದಾವಲಸಾಬನ ಹೆಂಡತಿ ಮಾಬುಬಿ ಬಂದಳು. ಸೀಳಿದ ನನ್ನ ಎದೆಯನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಗಣಾಚಾರಿಯವರ ಕಡೆ ತಿರುಗಿದಳು.

"ಸರ, ತಪ್ಪು ನಮ್ಮವರದೇ ಅಂತಾರ. ಮೊಹಲ್ಲಾದಾಗ ಮಂದಿ ನನ್ನ ಮಾರಿ ನೋಡಿ ಅಂತಾರ. ನೀವು ಹೇಳಿದ್ರ ನಂಬತೀನಿ. ಖರೇ ಏನ್ರಿ?"

ಗಣಾಚಾರಿಯವರ ತುಟಿ ಅಲುಗಿತು. ಮಾತು ಬಂದೇಬಿಟ್ಟಿತು ಎಂದುಕೊಂಡೆ. "ನಿನಗ ಇಲ್ಲೇ ಒಂದು ಕೆಲಸ ಕೊಡಸ್ತೀನವ್ವಾ" ಎಂದರು ಅವರು.

ಮಾಬುಬಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು. ತಪ್ಪು ಯಂತ್ರದ್ದಲ್ಲವೆಂದು ಅಧಿಕಾರಿಗಳು ಒಪ್ಪಿದ್ದರಿಂದ ಸಂಶೋಧನಾ ಕೇಂದ್ರವೂ ಬಂತು. ಗಣಾಚಾರಿಯವರಿಗೆ ಶಾಲು, ಹಾರ, ಪ್ರಶಸ್ತಿ ಬಂದವು. ಅವರು ಕಂಡುಹಿಡಿದ ರೀತಿಯಲ್ಲಿ ಎಷ್ಟೋ ಕಡೆ ಹೊಗೆ ಕಡಿಮೆಯಾಯಿತಂತೆ. ಅದು ಸುಳ್ಳಲ್ಲ. ಎಷ್ಟೋ ತಾಯಂದಿರ ಕೆಮ್ಮು ನಿಂತಿರಬಹುದು. ನನ್ನನ್ನು ಮಾತ್ರ ಯಾರೂ ಮತ್ತೆ ಹೊತ್ತಿಸಲಿಲ್ಲ. ತಾಡಪತ್ರಿ ಹೊದಿಸಿ ಮೂಲೆಗೆ ತಳ್ಳಿದರು. ಆಯುಧಪೂಜೆಯ ದಿನ ಗಣಾಚಾರಿಯವರು ಕಾಲೇಜಿಗೆ ಬರುವುದನ್ನೇ ಬಿಟ್ಟರು. ಮಾಬುಬಿ ದಿನವೂ ನನ್ನ ಸುತ್ತ ಗುಡಿಸುತ್ತಿದ್ದಳು. ಒಮ್ಮೊಮ್ಮೆ ತಾಡಪತ್ರಿ ಎತ್ತಿ ನನ್ನ ಬೆಸುಗೆಯ ಗೆರೆ ಸವರಿ, "ಕೆಲಸ ಛಲೋ ಗೊತ್ತಿತ್ತಲ್ಲ, ಯಾಕ ಹಾಂಗ ಮಾಡಿದ್ರಿ?" ಎಂದು ಗಂಡನನ್ನೇ ಕೇಳುತ್ತಿದ್ದಳು. ಮನುಷ್ಯರಿಗೆ ದೇವರು ಕೊಟ್ಟ ನಾಲಿಗೆ ನನಗೆ ಇಲ್ಲವಲ್ಲ ಎಂದು ನಾನು ಅತ್ತದ್ದು ಆ ದಿನಗಳಲ್ಲಿ.

ಗಣಾಚಾರಿಯವರು ನಿವೃತ್ತರಾದರು. ನನ್ನನ್ನು ಗುಜರಿಗೆ ಹಾಕಲು ಲಾರಿ ಬರುವ ದಿನ, ಕೋಲೂರಿಕೊಂಡು ಒಬ್ಬರೇ ಬಂದರು. ತಾಡಪತ್ರಿ ಸರಿಸಿ ನನ್ನ ತಣ್ಣನೆಯ ತಗಡಿಗೆ ಹಣೆ ಇಟ್ಟರು.

"ಜೋಡಿಸು ಅಂದವ ನಾನು. ಅವ ಒರಸ್ತೀನಿ ಅಂದ, ನಾನೇ ಬ್ಯಾಡ ಅಂದೆ. ಶಿವಾ, ನಾನೇ ಅಂದೆ."

ಯಾರಿಗೆ ಹೇಳಬೇಕಿತ್ತೋ ಆಕೆ ಮಾತು ಕೇಳಿಸದಷ್ಟು ದೂರ, ಪಡಸಾಲೆಯಲ್ಲಿ ಗುಡಿಸುತ್ತಿದ್ದಳು. ಅವರು ಹೇಳಿದ್ದು ಕಬ್ಬಿಣಕ್ಕೆ.

ಮಾಬುಬಿ ಪೊರಕೆ ಹಿಡಿದೇ ಒಳಗೆ ಬಂದಳು. "ಅಯ್ಯ, ಅಂಗಿಗೆಲ್ಲ ಧೂಳ ಆಗ್ಯದಲ್ರಿ ಸರ" ಎಂದು ಸೆರಗಿನಿಂದ ಅವರ ತೋಳು ಜಾಡಿಸಿದಳು. "ನಮ್ಮವರು ಮಾಡಿದ ತಪ್ಪಿನಾಗ ನಿಮ್ಮ ಹೆಸರು ಕೆಡಲಿಲ್ಲ, ಅಷ್ಟ ಸಾಕ್ರಿ. ನನಗೂ ಅನ್ನದ ದಾರಿ ಮಾಡಿದ್ರಿ. ಅಲ್ಲಾ ನಿಮ್ಮನ್ನ ಛಲೋ ಇಟ್ಟಿರಲಿ."

ಅವರು ಬಾಯಿ ತೆರೆದರು. ಹೊರಗೆ ಲಾರಿಯ ಹಾರ್ನ್ ಕೂಗಿತು.

"ಬರ್ತೀನವ್ವಾ" ಎಂದು ಹೇಳಿ ಹೊರಟುಹೋದರು.

ಈಗ ಊರಾಚೆಯ ಗುಜರಿಯಲ್ಲಿ ಮಗ್ಗುಲಾಗಿ ಬಿದ್ದಿದ್ದೇನೆ. ನನ್ನ ಇಟ್ಟಿಗೆಗಳನ್ನು ಯಾರೋ ಒಲೆಗೆಂದು ಒಯ್ದರು. ತಗಡನ್ನು ಕತ್ತರಿಸಿ ಕರಗಿಸುವಲ್ಲಿಗೆ ಕಳಿಸುತ್ತಾರಂತೆ. ಬೆಂಕಿಯೊಳಗೇ ಬಾಳಿದವನಿಗೆ ಅದರ ಭಯವಿಲ್ಲ. ಜನಿವಾರವೂ ಇಲ್ಲದ, ಲಿಂಗವೂ ಇಲ್ಲದ ಕಬ್ಬಿಣ ನಾನು. ಆದರೂ ದೇವರನ್ನು ಒಂದೇ ಮಾತು ಬೇಡಿಕೊಳ್ಳುತ್ತೇನೆ. ಗಣಾಚಾರಿಯವರು ಇನ್ನೂ ಬದುಕಿದ್ದಾರೆ. ಮಾಬುಬಿಯೂ ಬದುಕಿದ್ದಾಳೆ. ಇಬ್ಬರಲ್ಲಿ ಯಾರನ್ನು ಮೊದಲು ಕರೆಸಿಕೊಳ್ಳಬೇಕೆಂದಿದ್ದೀಯೋ ಕಾಣೆ, ತಂದೆ. ಅದಕ್ಕೆ ಮುಂಚೆ ಒಂದು ಸಲ, ಆ ಮುದುಕನ ಕೈಹಿಡಿದು ಆಕೆಯ ಬಾಗಿಲ ತನಕ ನಡೆಸು.