ಗೂಟಕ್ಕೆ ಬದಲು

"ಗೂಟ ಹೊಡೆದ್ರೆ ನಿನ್ನ ತಲೆ ಹೊಡೀತೀನಿ ಬಡ್ಡಿಮಗನೇ! ಈ ಕಲ್ಲು ಹಾಸಿ ಇನ್ನೂ ಎಂಟು ದಿನ ಆಗಿಲ್ಲ!"

ಬಿಳಿ ಬೂಟಿನ ಅಧಿಕಾರಿ ನನ್ನ ಮಾವನ ಕೈಯಿಂದ ಸುತ್ತಿಗೆ ಕಿತ್ತು ಎಸೆದ. ಅದು ಆ ಹೊಸ ಕಲ್ಲಿನ ಮೇಲೇ ಬಿದ್ದು ಮೂಲೆ ಚಕ್ಕೆ ಎದ್ದಿತು. ನೋಡಿಯೂ ನೋಡದವನಂತೆ ಚಕ್ಕೆಯನ್ನು ಬೂಟಿನಿಂದ ಅತ್ತ ತಳ್ಳಿದ.

"ಗೂಟ ಇಲ್ದೆ ಶಾಮಿಯಾನ ನಿಲ್ಲಲ್ಲ ಸ್ವಾಮಿ," ಅಂದರು ಮಾವ. "ಮೋಡ ನೋಡಿ. ಗಾಳಿ ಬಂದ್ರೆ ಎತ್ಕೊಂಡು ಹೋಗುತ್ತೆ."

"ನೀವಿದ್ದೀರಲ್ಲ ಎಂಟು ಜನ? ಒಂದೊಂದು ಕಂಬ ಒಬ್ಬೊಬ್ರು ತಬ್ಕೊಂಡು ನಿಂತ್ಕೊಳ್ಳಿ. ಭಾಷಣ ಮುಗಿಯೋವರೆಗೂ ಬಿಡೋ ಹಾಗಿಲ್ಲ. ಗೂಟಕ್ಕೆ ಬಾಯಿ ಬೇರೆ ಕೇಡು!"

ಹೀಗೆ ನಾವು ಗೂಟಗಳಾದೆವು. ವೇದಿಕೆಯ ಬಲಗಡೆಯ ಕಂಬ ಮಾವನಿಗೆ, ಎಡಗಡೆಯದು ನನಗೆ. ಎಲ್ಲವೂ ಕಬ್ಬಿಣದ ಪೈಪು. ನಮ್ಮ ಕಸುಬಿನಲ್ಲಿ ಎರಡು ಮಾತಿವೆ: ಗಾಳಿ ಎದ್ದರೆ ಪಕ್ಕದ ಪರದೆ ಬಿಚ್ಚಿ ಅದಕ್ಕೆ ದಾರಿ ಕೊಡು, ಗುಡುಗಿದರೆ ಕಂಬ ಬಿಟ್ಟು ಓಡು. ಮೂರು ವರ್ಷದ ಹಿಂದೆ ನನ್ನ ಗಂಡ ಎರಡನೆಯ ಮಾತು ಮೀರಿದ್ದ. ಮೀರಿದ್ದೇನು ಬಂತು, ಮೀರಿಸಿದ್ದರು. ಅವತ್ತೂ ಇದೇ ದೊಡ್ಡವರ, ಅಂದರೆ ನಮ್ಮ ಮಂತ್ರಿಗಳ ಸಭೆ. "ಇನ್ನೈದು ನಿಮಿಷ ಹಿಡ್ಕೊಳ್ಳೋ" ಅಂದಿದ್ದು ಇದೇ ಬಿಳಿ ಬೂಟು. ಸಿಡಿಲು ಐದು ನಿಮಿಷ ಕಾಯಲಿಲ್ಲ. ಆಮೇಲೆ ದೊಡ್ಡವರು ಫೋಟೋದವರ ಸಮೇತ ನಮ್ಮ ಬಾಗಿಲಿಗೆ ಬಂದು, ಕಣ್ಣಿಗೆ ಕರ್ಚೀಫು ಒತ್ತಿಕೊಂಡು, "ಗಾಳಿ ಮಳೆ ನಮ್ಮ ಕೈಲಿದೆಯೇನಮ್ಮಾ?" ಅಂದು ಹೋದರು. ಕರ್ಚೀಫು ಒದ್ದೆಯಾಗಿರಲಿಲ್ಲ. ನಾನು ಹತ್ತಿರದಿಂದ ನೋಡಿದ್ದೇನೆ.

ಇವತ್ತು ಅವರು ಈ ಹೊಸ ಚೌಕವನ್ನು ಉದ್ಘಾಟಿಸಲು ಬಂದರು. ಅವರ ಹಿಂದೆಯೇ ಗಾಳಿಯೂ ಬಂತು. ಕೂದಲು ಕೆದರುತ್ತದೆಂದು ಪರದೆಗಳನ್ನೆಲ್ಲ ಬಿಗಿಯಾಗಿ ಕಟ್ಟಿಸಿದರು. ಇದ್ದ ನಾಲ್ಕು ಕೂದಲಿಗೆ ಅಷ್ಟೊಂದು ಪರದೆ! ಮೇಲಿನ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಕಂಬಗಳ ಸಮೇತ ನಮ್ಮನ್ನು ಎಳೆಯತೊಡಗಿತು.

ಹನಿ ಬಿದ್ದಾಗ ದೊಡ್ಡವರು ಮೈಕಿನಲ್ಲಿ ಹೇಳಿದರು: "ನೋಡಿ, ನಾನು ಬಂದೆ, ಮಳೆ ಬಂತು! ಇದು ನನ್ನ ಕಾಲ್ಗುಣ!"

ಶಾಮಿಯಾನದ ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ಹಿಂದೆ ಬಯಲಲ್ಲಿ ಕೂರಿಸಿದ್ದ ಜನ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಮೇಲೆ ಹೊತ್ತು ಅಂಗಡಿಗಳ ಸೂರು ಸೇರಿದರು.

ದೂರದಲ್ಲಿ ಗುಡುಗಿತು. ಮಾವ ತಲೆಯೆತ್ತಿ ಮೇಲೆ ನೋಡಿದರು. ಕೈ ಮಾತ್ರ ಕಂಬ ಬಿಟ್ಟಿರಲಿಲ್ಲ.

"ಮಾವಾ, ಬಿಡಿ!"

"ಸಾಹೇಬ್ರು ಬೈತಾರೆ ಕಣಮ್ಮ..."

"ಬಿಟ್ರೆ ನೋಡು, ನಾಳೆಯಿಂದ ಎಲ್ಲೂ ಕೆಲಸ ಸಿಗಲ್ಲ," ಬಿಳಿ ಬೂಟು ಹಲ್ಲು ಕಚ್ಚಿ ಗದರಿದ. ಅವನು ಮಾತ್ರ ಮರದ ವೇದಿಕೆಯ ಮೇಲೆ, ಕಂಬಕ್ಕೆ ನಾಲ್ಕು ಮಾರು ದೂರದಲ್ಲಿ ನಿಂತಿದ್ದ. ಸಿಡಿಲು ಕಂಬಕ್ಕೇ ಹೊಡೆಯುತ್ತದೆಂದು ಗೊತ್ತಿತ್ತು ಆ ಹಲ್ಕಟ್‌ಗೂ.

ಎರಡನೆಯ ಗುಡುಗು ನೆತ್ತಿಯ ಮೇಲೇ ಬಂತು. ಇನ್ನೊಂದು ಹೆಣ ಹೊರುವ ಶಕ್ತಿ ನನಗಿರಲಿಲ್ಲ. ನನ್ನ ಕಂಬ ಬಿಟ್ಟು ಓಡಿದೆ. ಮಾವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಮೂವತ್ತು ವರ್ಷ ಹಿಡಿದು ಹಿಡಿದು ಬಿಡುವುದನ್ನೇ ಮರೆತಿದ್ದವು.

"ಎಲ್ಲರೂ ಬಿಡ್ರೋ! ನೀವು ಸತ್ರೆ ಇವರಪ್ಪ ಬರ್ತಾನಾ ನಿಮ್ಮ ಮಕ್ಕಳನ್ನ ಸಾಕೋಕೆ?"

ಉಳಿದ ಆರು ಜನವೂ ಬಿಟ್ಟರು. ಮುಂದಿನ ಸಾಲಿನವರು ಎದ್ದೆವೋ ಬಿದ್ದೆವೋ ಅಂತ ಓಡಿದರು. ಶಾಮಿಯಾನ ಒಮ್ಮೆ ಮೇಲೆದ್ದು ವೇದಿಕೆಯ ಮೇಲೆ ಕವುಚಿಕೊಂಡಿತು. ಕಂಬಗಳು ಹೊಸ ಕಲ್ಲಿನ ಮೇಲೆ ಠಣಠಣ ಉರುಳಿದವು.

ನಾವು ಎಂಟೂ ಜನ ಎದುರಿನ ಅಂಗಡಿಯ ಸೂರಿನಡಿ ನಿಂತೆವು. ಮೈಕು ಇನ್ನೂ ಕೆಟ್ಟಿರಲಿಲ್ಲ. ಒದ್ದೆ ಬಟ್ಟೆಯೊಳಗೆ ತಡಕಾಡುತ್ತಿದ್ದ ದೊಡ್ಡವರ ಕೂಗು ಊರಿಗೆಲ್ಲ ಕೇಳುತ್ತಿತ್ತು: "ಯಾವನೋ ಅವನು ಬಿಟ್ಟಿದ್ದು? ಎತ್ರೋ! ಬೇಗ ಎತ್ರೋ!"

ಮಾವ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟರು. ಅವರ ತೋಳು ಹಿಡಿದು ನಿಲ್ಲಿಸಿದೆ. ಆಮೇಲೆ ಗಂಟಲು ಹರಿಯುವಂತೆ ಕೂಗಿದೆ:

"ಗಾಳಿ ಮಳೆ ನಮ್ಮ ಕೈಲಿದೆಯಾ ಸ್ವಾಮೀ?"