ಮಿಸುಕದ ಬಟನ್

ಆಸ್ಪತ್ರೆಗಳಿಗೆ ವೆಬ್‌ಸೈಟ್ ಮಾಡಿಕೊಡುವ ಆ ಆಫೀಸಿನಲ್ಲಿ ಅಕ್ಕ ಪುಟಗಳನ್ನು ಕಟ್ಟುತ್ತಿದ್ದಳು, ತಮ್ಮ ಅವುಗಳ ಹಿಂದೆ ಕೆಲಸ ಮಾಡುವ ಜಾವಾ ಪ್ರೋಗ್ರಾಂ ಬರೆಯುತ್ತಿದ್ದ. ಅವನನ್ನು ಅಲ್ಲಿಗೆ ಸೇರಿಸಿದ್ದೂ ಅವಳೇ. ಒಂದೊಂದು ಪುಟಕ್ಕೂ ಒಂದೊಂದು ಟೆಂಪ್ಲೇಟ್ ಫೈಲು. ತೆರೆದರೆ ಅಡಿಯಿಂದ ಮುಡಿಯವರೆಗೆ ಪುಟ ಕಣ್ಣೆದುರು. ಆದರೆ ಆಸ್ಪತ್ರೆಯ ಫೋನ್ ನಂಬರ್ ಬದಲಾಯಿತೋ, ಎಲ್ಲ ಪುಟಗಳನ್ನೂ ಕೂತು ತಿದ್ದಬೇಕು. "ಕೈ ಬಿದ್ದುಹೋಗುತ್ತೆ ಕಣೋ" ಎಂದು ಅಕ್ಕ ದಿನಾ ಗೊಣಗುತ್ತಿದ್ದಳು.

ತಮ್ಮ ಕಂಪೋನೆಂಟ್‌ಗಳನ್ನು ತಂದ. ಈಗ ತಲೆಬರಹ ಒಂದು ತುಂಡು, ಫಾರಂ ಒಂದು ತುಂಡು, ಬಟನ್ ಇನ್ನೊಂದು, ಎಲ್ಲವೂ ಅಕ್ಕನಿಗೆ ಬಾರದ ಜಾವಾದಲ್ಲಿ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿಹೋಗುತ್ತದೆ. ಒಂದು ಪುಟ ತಿದ್ದಿ ಇನ್ನೊಂದನ್ನು ಮರೆಯುವ ಹಳೆಯ ಎಡವಟ್ಟುಗಳೂ ನಿಂತವು. ಇದೆಲ್ಲ ಒಪ್ಪಬೇಕಾದ ಮಾತೇ. ಪುಟ ಮಾತ್ರ ಯಾವ ಫೈಲಿನಲ್ಲೂ ಇಡಿಯಾಗಿ ಇಲ್ಲ; ಯಾರಾದರೂ ಬ್ರೌಸರಿನಲ್ಲಿ ತೆರೆದಾಗ ಸರ್ವರ್ ತುಂಡುಗಳನ್ನು ಜೋಡಿಸಿ ಕೊಡುತ್ತದೆ.

"ಪುಟ ಎಲ್ಲೋ?" ಅಕ್ಕ ಕಣ್ಣುಕಣ್ಣು ಬಿಟ್ಟಳು.

"ಇದರಲ್ಲೇ ಇದೆ ಅಕ್ಕ."

"ಕಾಣಿಸ್ತಿಲ್ವಲ್ಲೋ."

"ಆಮೇಲೆ ಹೇಳ್ಕೊಡ್ತೀನಿ."

ಆ ಆಮೇಲೆ ಬರಲೇ ಇಲ್ಲ. ಪಾಪ, ಅವನಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ.

ಒಂದು ದಿನ ಮ್ಯಾನೇಜರು ಅವಳನ್ನು ಕರೆದರು. "ಅಪಾಯಿಂಟ್‌ಮೆಂಟ್ ಪುಟಾನ ಹೊಸ ರೀತೀಲಿ ಚೆಂದ ಮಾಡಿ ತೋರಿಸಿ. ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಇಟ್ಕೊಳ್ಳೋದು ಕಷ್ಟ."

ಅಕ್ಕ ತುಂಡುಗಳ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದಳು; ಪುಟ ಎಲ್ಲೂ ಸಿಗಲಿಲ್ಲ. ಕೊನೆಗೆ ಬ್ರೌಸರಿನಲ್ಲಿ ಆ ಪುಟ ತೆರೆದು, ಕಂಡದ್ದನ್ನು ಕಂಡ ಹಾಗೆಯೇ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು. ಅಬ್ಬ! ಮತ್ತೆ ಇಡೀ ಪುಟ, ಕೈಗೆ ಸಿಗುವ ಪುಟ. ಕನ್ನಡಕ ಮರೆತು ಬಂದ ಮುದುಕರೂ ಓದಲೆಂದು ಅಕ್ಷರ ದೊಡ್ಡದು ಮಾಡಿದಳು, ಬಟನ್ನಿಗೆ ತಿಳಿಹಸಿರು ಬಳಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಖುಷಿಯಾಗಿತ್ತು.

ತೋರಿಸಿದಾಗ ಎಲ್ಲರೂ ಭೇಷ್ ಎಂದರು. ಮ್ಯಾನೇಜರು ಬಟನ್ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿ, ತಮ್ಮನ ಕಡೆ ತಿರುಗಿದರು.

ಅವನು ತಲೆ ತಗ್ಗಿಸಿಯೇ ಹೇಳಿದ: "ಇದು ಸರ್ವರ್ ಕೊಟ್ಟ ಪುಟದ ನಕಲು ಸರ್. ಒಳಗಿನ ತುಂಡುಗಳಿಗೂ ಇದಕ್ಕೂ ಸಂಬಂಧ ಇಲ್ಲ. ಎಲ್ಲಾ ನಾನು ಮೊದಲಿಂದ ಮಾಡ್ಬೇಕು."

"ಹಾಗಾದ್ರೆ ಇವರಿಲ್ದೆ ನಡೆಯುತ್ತಾ?"

ಅಕ್ಕ ತಮ್ಮನ ಬಾಯನ್ನೇ ನೋಡಿದಳು.

"ನಡೆಯುತ್ತೆ ಸರ್."

ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿ, ಹಣೆಗೆ ಹಚ್ಚುವ ಮುಲಾಮು ಚೀಲಕ್ಕೆ ಹಾಕಿಕೊಂಡಳು.

ಸಂಜೆ ಎಂದಿನ ಬಸ್ಸಿನಲ್ಲಿ ಇಬ್ಬರೂ ಎಂದಿನಂತೆ ಪಕ್ಕಪಕ್ಕ ಕೂತರು. ಇಳಿಯುವ ಸ್ಟಾಪ್ ಹತ್ತಿರ ಬಂದಾಗ ತಮ್ಮ ಹೇಳಿದ.

"ನಿನ್ನ ಕೈಗೆ ಸ್ವಲ್ಪ ಬಿಡುವು ಸಿಗ್ಲಿ ಅಂತಾನೇ ಅಕ್ಕ, ನಾನು ಅದನ್ನ ತಂದಿದ್ದು."

ಅಕ್ಕ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು.

"ಸಿಕ್ತಲ್ಲೋ" ಎಂದಳು.